ಕಡಲಿನಲ್ಲೊಬ್ಬ ಬೆಂಕಿಮೈಯ ನೆಂಟ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರ ಓದುವ ಮಕ್ಕಳು ಮೂರು ಹೆಸರು ಬಾಯಿಪಾಠ ಮಾಡುತ್ತಾರೆ: ಅಸಿಡಿಯಾ, ಸಾಲ್ಪಾ, ಡೋಲಿಯೋಲಂ. ಯುರೊಕಾರ್ಡೇಟಾ ಗುಂಪಿಗೆ ಪಠ್ಯಪುಸ್ತಕ ಕೊಡುವ ಉದಾಹರಣೆಗಳಿವು. ಆ ಗುಂಪಿನಲ್ಲೇ ನನಗೆ ಅತಿ ಸುಂದರವೆನಿಸುವ ಜೀವಿ ಪಟ್ಟಿಯಲ್ಲಿಲ್ಲ. ಅದರ ಹೆಸರು ಪೈರೊಸೋಮ.

ಗ್ರೀಕಿನಲ್ಲಿ ಹಾಗೆಂದರೆ ಬೆಂಕಿಮೈ. ಆಸ್ಟ್ರೇಲಿಯಾದತ್ತ ಹೊರಟ ಹಡಗಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಫ್ರಾನ್ಸ್ವಾ ಪೆರೋನ್ ಅಟ್ಲಾಂಟಿಕ್‌ನ ಕತ್ತಲಲ್ಲಿ ಇದರ ಬೆಳಕು ಕಂಡು, 1804ರಲ್ಲಿ ಪೈರೊಸೋಮ ಅಟ್ಲಾಂಟಿಕಮ್ ಎಂದು ಹೆಸರಿಟ್ಟ. ನಮ್ಮ ಹಿಂದೂ ಮಹಾಸಾಗರದಲ್ಲೂ ಇದು ತೇಲುತ್ತದೆ.

ನೋಡಲು ಒಂದು ತುದಿ ಮುಚ್ಚಿದ ಊದುಗೊಳವಿ. ಉದ್ದ ಹೆಚ್ಚೆಂದರೆ 60 ಸೆಂಟಿಮೀಟರ್. ಆದರೆ ಅದು ಒಂದೇ ಪ್ರಾಣಿಯಲ್ಲ. ಸೆಂಟಿಮೀಟರೂ ಉದ್ದವಿಲ್ಲದ ನೂರಾರು, ಸಾವಿರಾರು ಜೀವಿಗಳು ಲೋಳೆಯಂಥ ಒಂದೇ ಹೊದಿಕೆಯಲ್ಲಿ ಕೂಡಿಕೊಂಡಿವೆ. ಹಾವೇರಿಯ ಏಲಕ್ಕಿ ಹಾರ ನೋಡಿದವರಿಗೆ ಇದು ತಟ್ಟನೆ ಹೊಳೆದೀತು. ಆದರೆ ಹಾರದಲ್ಲಿ ಕಾಯಿ ಬೇರೆ, ದಾರ ಬೇರೆ. ಇಲ್ಲಿ ದಾರವೂ ಅವುಗಳದೇ ಮೈ, ಎಲ್ಲವೂ ಒಂದರಿಂದ ಒಂದು ಮೊಗ್ಗೊಡೆದು ಬೆಳೆದ ತದ್ರೂಪಿಗಳು. ಪ್ರತಿಯೊಂದರ ಬಾಯಿ ಹೊರಮುಖ, ನೀರು ಬಿಡುವ ರಂಧ್ರ ಒಳಮುಖ. ನೀರೆಳೆದು, ಅದರಲ್ಲಿನ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದು, ಉಳಿದದ್ದನ್ನು ಒಳಗಿನ ಪೊಳ್ಳಿಗೆ ಬಿಡುತ್ತವೆ. ಆ ನೀರು ತೆರೆದ ತುದಿಯಿಂದ ಹೊರಬಿದ್ದಂತೆಲ್ಲ ಇಡೀ ಕೊಳವೆ ಮುಂದೆ ಸಾಗುತ್ತದೆ. ಉಣ್ಣುವುದು, ಉಸಿರಾಡುವುದು, ಚಲಿಸುವುದು ಎಲ್ಲಕ್ಕೂ ಅದೇ ನೀರು. ಹಗಲಿಡೀ ನೂರಾರು ಮೀಟರ್ ಆಳದಲ್ಲಿದ್ದು ರಾತ್ರಿ ಮೇಲೇರುತ್ತವೆ.

ಬೆಳಕಿನ ಕಥೆ ಇನ್ನೂ ಸೊಗಸು. ಪ್ರತಿ ಜೀವಿಯ ಬಾಯಿಯ ಬಳಿ ಎರಡು ಬೆಳಕಿನ ಅಂಗಗಳಿವೆ. ಮುಟ್ಟಿದರೆ ನೀಲಿ ಹಸಿರು ಹೊಳಪು ಅಲೆಯಾಗಿ ಮೈಯೆಲ್ಲ ಹರಡುತ್ತದೆ. ಇವುಗಳನ್ನು ಬೆಸೆಯುವ ನರವಿಲ್ಲ. ಒಂದರ ಬೆಳಕೇ ಮತ್ತೊಂದಕ್ಕೆ ಸುದ್ದಿ. ಸುದ್ದಿ ಮುಟ್ಟಿದ್ದೂ ಬೆಳಗುತ್ತದೆ, ನೀರೆಳೆಯುವುದನ್ನು ನಿಲ್ಲಿಸುತ್ತದೆ.

2017ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇವು ಅಲಾಸ್ಕದವರೆಗೂ ವಿಪರೀತ ಹೆಚ್ಚಿ ಮೀನುಗಾರರ ಬಲೆಗಳನ್ನು ತುಂಬಿದವು. ಸಂಶೋಧಕರ ಒಂದು ಬಲೆಗೆ ಐದೇ ನಿಮಿಷದಲ್ಲಿ ಸುಮಾರು 60,000 ಬಿದ್ದಿದ್ದವು.

ಇದಕ್ಕೆ ಬೆನ್ನೆಲುಬಿಲ್ಲ. ಆದರೂ ಬೆನ್ನೆಲುಬುಳ್ಳ ಪ್ರಾಣಿಗಳಿಗೆ ಅತಿ ಹತ್ತಿರದ ಬಳಗ ಇದರ ಗುಂಪೇ ಎಂದು 2006ರಲ್ಲಿ ವಂಶವಾಹಿಗಳ ಹೋಲಿಕೆ ತೋರಿಸಿತು. ರಾಣೆಬೆನ್ನೂರಿನ ಕೃಷ್ಣಮೃಗಕ್ಕೂ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೂ ಇದು ನಕ್ಷತ್ರಮೀನಿಗಿಂತ ಹತ್ತಿರದ ನೆಂಟ.

ಮೇಷ್ಟ್ರೇ, ಮುಂದಿನ ಸಲ ಆ ಮೂರು ಹೆಸರು ಬರೆಸುವಾಗ ಈ ನಾಲ್ಕನೆಯದನ್ನೂ ಸೇರಿಸಿ. ತರಗತಿಯ ದೀಪ ಆರಿಸಿ, ಇದು ಹೊಳೆಯುವ ಒಂದು ವಿಡಿಯೊ ಮಕ್ಕಳಿಗೆ ತೋರಿಸಿ.