ಫಾಸ್ಟ್ ಗಾಡಿ ನಿಲ್ಲದ ಊರು

ಬೆಳಗ್ಗೆ ಐದೂವರೆಗೆ ಮಾಟುಂಗಾದಲ್ಲಿ ಮೊದಲು ಎಚ್ಚರಾಗುವುದು ಮೂಗು. ಸ್ಟೇಷನ್ನಿನ ಪೂರ್ವದ ಬಾಗಿಲಿನಿಂದ ಹೊರಗೆ ಬಂದರೆ ಒದ್ದೆ ಗೋಣಿಯ ಮೇಲೆ ರಾಶಿ ಸುರಿದ ಮಲ್ಲಿಗೆ, ತುಳಸಿ, ಸುಗಂಧರಾಜ. ಹೂ ಕಟ್ಟುವವರು ತಮ್ಮತಮ್ಮಲ್ಲಿ ತಮಿಳು ಆಡುತ್ತಾರೆ, ಗಿರಾಕಿಯೊಡನೆ ಮರಾಠಿ, ಚಹಾದ ಹುಡುಗನೊಡನೆ ಹಿಂದಿ. ಯಾವ ಭಾಷೆಯಾದರೂ ಬೆರಳು ಮಾತ್ರ ನಿಲ್ಲುವುದಿಲ್ಲ. ಒಳಗಿನಿಂದ ಮೈಕು ಹೇಳುತ್ತದೆ: ಧೀಮಿ ಲೋಕಲ್ ಬರುತ್ತಿದೆ. ಧೀಮಿ ಎಂದರೆ ಸ್ಲೋ ಗಾಡಿ. ಈ ಸ್ಟೇಷನ್ನಿನಲ್ಲಿ ನಿಲ್ಲುವುದು ಅದೊಂದೇ.

ರೈಲಿನ ಲೆಕ್ಕದಲ್ಲಿ ಮುಂಬಯಿಯಲ್ಲಿ ಇಷ್ಟು ಅನುಕೂಲದ ಜಾಗ ಸಿಗುವುದು ಕಷ್ಟ. ಊರಿನ ಪಶ್ಚಿಮದ ಅಂಚಿಗೆ ಸೆಂಟ್ರಲ್ ಲೈನಿನ ಮಾಟುಂಗಾ. ಹಳಿ ದಾಟಿ ಆಚೆ ಹೋದರೆ ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್. ಈಚೆ ಬದಿಗೆ ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್. ಮೂರಕ್ಕೂ ನಡೆದೇ ಹೋಗಬಹುದು. ದಕ್ಷಿಣಕ್ಕೆ ಮುಂದಿನ ಸ್ಟೇಷನ್ನು ದಾದರ್. ಹುಬ್ಬಳ್ಳಿ ಕಡೆಯವರು ಊರಿಗೆ ಹೊರಡುವ ಶರಾವತಿ, ಚಾಲುಕ್ಯ ಗಾಡಿಗಳು ಅಲ್ಲಿಂದಲೇ. ಉಡುಪಿ, ಮಂಗಳೂರಿನವರ ಮತ್ಸ್ಯಗಂಧ ಕುರ್ಲಾ ಪಕ್ಕದ ತಿಲಕ್ ಟರ್ಮಿನಸ್ಸಿನಿಂದ. 1998ರಲ್ಲಿ ಕೊಂಕಣ ರೈಲು ಶುರುವಾಗುವ ಮುಂಚಿನ ಬಸ್ಸಿನ ಪ್ರಯಾಣ ನೆನೆಸಿಕೊಂಡರೆ ಇಲ್ಲಿನ ಹಿರಿಯರು ಇವತ್ತಿಗೂ ಸೊಂಟ ಮುಟ್ಟಿ ನೋಡಿಕೊಳ್ಳುತ್ತಾರೆ. ಸಿಗದೇ ಇರುವುದೆಂದರೆ ಆಟೋರಿಕ್ಷಾ. ಸಯನ್ನಿನಿಂದ ಈಚೆಗೆ ಅದಕ್ಕೆ ಪ್ರವೇಶವಿಲ್ಲ. ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಬೇಕು, ಇಲ್ಲವೇ ಬೆಸ್ಟ್ ಬಸ್ಸು.

ಆದರೆ ಫಾಸ್ಟ್ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಕಲ್ಯಾಣದ ಕಡೆಯಿಂದ ಬಂದದ್ದು ಪ್ಲಾಟ್‌ಫಾರ್ಮಿನ ಧೂಳೆಬ್ಬಿಸಿಕೊಂಡು ದಾದರಿಗೆ ಹೋಗಿ ನಿಲ್ಲುತ್ತದೆ. ಅವಸರದವರು, ಗಾಡಿ ಬದಲಿಸುವವರು, ಚೀಲ ಹೊತ್ತವರು, ಜಗಳಾಡುವವರು ಎಲ್ಲರೂ ಅಲ್ಲಿಯೇ ಇಳಿಯುತ್ತಾರೆ. ದಾದರಿನ ಸೇತುವೆಯ ಮೇಲೆ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಅಲ್ಲಿಂದ ಸ್ಲೋ ಹಿಡಿದು ಎರಡು ನಿಮಿಷ ಕಳೆದರೆ ಮಾಟುಂಗಾ. ಇಳಿದವರು ಕಾಗದ ಮಡಚಿಟ್ಟು, ಕನ್ನಡಕ ಒರೆಸಿ, ಆಮೇಲೆ ಮೆಟ್ಟಿಲು ಹತ್ತುತ್ತಾರೆ. ಸಕಲ ಸೌಕರ್ಯದ ನಡುವೆ ಇದ್ದೂ ಈ ಊರು ಸಂತೆಯಾಗದೆ ಉಳಿದದ್ದಕ್ಕೆ ಈ ‘ಧೀಮಿ’ಯೇ ಕಾರಣ ಎಂಬುದು ನನ್ನ ನಂಬಿಕೆ. ರೈಲ್ವೆಯವರು ಬೇಕಾದರೆ ನಗಲಿ. ಅಂದಹಾಗೆ 2017ರ ಜುಲೈಯಿಂದ ಈ ಸ್ಟೇಷನ್ನನ್ನು ಪೂರ್ತಿಯಾಗಿ ನಡೆಸುತ್ತಿರುವವರು ಹೆಂಗಸರು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನು ‘ತಾಯೀ’ ಎಂದು ಬೇಡುವುದನ್ನೂ, ತಾಯಿ ರಸೀದಿ ಹರಿಯುವುದನ್ನೂ ಕಂಡಿದ್ದೇನೆ.

ಊರು ಹುಟ್ಟಿದ್ದು ಪ್ಲೇಗಿನಿಂದ. 1896ರಲ್ಲಿ ಆ ಮಾರಿ ಮುಂಬಯಿಯ ಕಿಕ್ಕಿರಿದ ಕೇರಿಗಳನ್ನು ಬಡಿದಾಗ, ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬೇಕೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ ಕಡೆಯ ಗದ್ದೆ ಬಯಲುಗಳಿಗೆ ಗೆರೆ ಎಳೆಯಿತು. ಅಗಲ ರಸ್ತೆ, ಎರಡು ಬದಿಗೆ ಮರ, ಮೂರಂತಸ್ತಿನ ಮನೆಗಳು, ಮನೆಗೊಂದು ದುಂಡು ಬಾಲ್ಕನಿ. ನಾನು ಬಾಡಿಗೆಗಿರುವುದೂ ಅಂಥದೊಂದರಲ್ಲಿ. ಲಿಫ್ಟಿಲ್ಲ; ಮೆಟ್ಟಿಲಿನ ಕಟಕಟೆ ಸವೆದು ನುಣುಪಾಗಿದೆ. ಮಾಲಕಿ ತಮಿಳು ಅಜ್ಜಿ. ‘ಏನು ಸಾರ್, ಇವತ್ತು ಗಾಡಿ ಲೇಟಾ?’ ಎಂದು ಕೇಳುವಷ್ಟು ಕನ್ನಡ ಅವರಿಗೆ ಬರುತ್ತದೆ. ಕಲಿಸಿದ್ದು ನಾನಲ್ಲ, ಐವತ್ತು ವರ್ಷದ ನೆರೆಹೊರೆ. ಅಕ್ಕಪಕ್ಕದ ಹಳೆಯ ಕಟ್ಟಡಗಳಿಗೆ ಒಂದೊಂದಾಗಿ ಹಸಿರು ಬಲೆ ಬೀಳುತ್ತಿದೆ. ಬಲೆ ತೆಗೆದಾಗ ಅಲ್ಲಿ ಇಪ್ಪತ್ತು ಅಂತಸ್ತು ನಿಂತಿರುತ್ತದೆ. ನಮ್ಮದರ ಸರದಿ ಬಂದಿಲ್ಲ.

ಹೊಟ್ಟೆಯ ವಿಷಯಕ್ಕೆ ಬಂದರೆ ಮಾತು ಉದ್ದವಾಗುತ್ತದೆ, ಆಗಲಿ. ಸ್ಟೇಷನ್ನಿನ ಹತ್ತಿರವೇ, ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ, ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಊರು ಬಿಟ್ಟು ಬಂದು ಖೋಲಿಯಲ್ಲಿ ಹತ್ತು ಜನ ಮಲಗುತ್ತಿದ್ದ ಗುಮಾಸ್ತರಿಗೆ ಇಲ್ಲಿನ ಬಾಳೆಲೆಯೇ ಮನೆಯ ಅಡುಗೆ. ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಈಗಲೂ ಸಾಲು. ಒಮ್ಮೆ ನನ್ನ ಮುಂದಿದ್ದ ಗುಜರಾತಿ ಕುಟುಂಬ ರಸಂ ಕುಡಿಯುವುದೋ ಕಲಸುವುದೋ ಎಂದು ಚರ್ಚಿಸುತ್ತಿತ್ತು. ಬಡಿಸುವವರು ಸುಮ್ಮನೆ ಅನ್ನದ ಗುಡ್ಡೆಯ ನಡುವೆ ಗುಂಡಿ ಮಾಡಿ ತೋರಿಸಿದರು. ನನ್ನ ಎಲೆಗೆ ಬಂದಾಗ, ‘ಎಂತ ಮಾರಾಯ್ರೇ, ಇಷ್ಟೇ ಊಟವಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ಸೌಟು ಹಾಕಿದರು.

ಭಂಡಾರ್‌ಕರ್ ರಸ್ತೆಯ ರಾಮ ಆಶ್ರಯದಲ್ಲಿ ಇವತ್ತಿನ ಶೀರಾ ಯಾವುದು ಎನ್ನುವುದು ಬೆಳಗಿನ ಮುಖ್ಯ ಸುದ್ದಿ. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಹೆಸರಿಗೆ ಮದ್ರಾಸು, ಮನೆಯವರು ಕಾಮತರು, ತಟ್ಟೆಯಲ್ಲಿ ನೀರುದೋಸೆ. ಮೈಸೂರ್ ಕನ್‌ಸರ್ನ್ಸಿನಲ್ಲಿ ಕಾಫಿಪುಡಿ ಕೊಳ್ಳುವವರು ಚಿಕೋರಿ ಎಷ್ಟು ಎಂಬುದನ್ನು ಜಾತಕ ಹೇಳುವಷ್ಟು ಗಂಭೀರವಾಗಿ ಹೇಳುತ್ತಾರೆ. ತರಕಾರಿಯವನ ಬುಟ್ಟಿಯಲ್ಲಿ ಬಾಳೆದಿಂಡು, ಕೆಸುವಿನ ಎಲೆ, ಮಂಗಳೂರು ಸೌತೆ. ಡೊಂಬಿವಲಿಗೆ ಮನೆ ಬದಲಿಸಿದವರೂ ಇವುಗಳಿಗಾಗಿ ಗಾಡಿ ಹತ್ತಿ ಬರುತ್ತಾರೆ.

ಮಳೆಗಾಲದ ಮಾತು ಬೇರೆ. ದೊಡ್ಡ ಮಳೆ ಹೊಯ್ದು ಭರತವೂ ಕೂಡಿದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಮೊಣಕಾಲುದ್ದ ನೀರು. ಸಯನ್ ಕಡೆ ಹಳಿ ಮುಳುಗಿ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ. ಅಂಥ ದಿನ ಮೂರು ಸ್ಟೇಷನ್ನಿನ ಊರು ಒಂದೂ ಇಲ್ಲದ ದ್ವೀಪ. ಮಳೆಯಿಲ್ಲದ ಸಂಜೆಗಳಲ್ಲಿ ಅಜ್ಜ ಅಜ್ಜಿಯರು ಮೇಲ್ಸೇತುವೆಯ ಕೆಳಗಿನ ತೋಟಕ್ಕೆ ಹೋಗುತ್ತಾರೆ. ಪಾರ್ಕಿಂಗ್ ಆಗಬಹುದಾಗಿದ್ದ ಜಾಗವದು. ಊರಿನವರು ಪಟ್ಟು ಹಿಡಿದು ಉಳಿಸಿಕೊಂಡರು. 2016ರಲ್ಲಿ ತೆರೆದ ಆ ತೋಟದ ಕಾಲುದಾರಿ ನರ್ಮದಾ ನದಿಯ ಹರಿವಿನಂತೆ ಬಳುಕುತ್ತದೆ. ಮೇಲೆ ಲಾರಿಗಳು ಗುಡುಗುತ್ತಿರುತ್ತವೆ, ಕೆಳಗೆ ಇವರು ಅಮರಕಂಟಕದಿಂದ ಸಮುದ್ರದವರೆಗೆ ದಿನಕ್ಕೆ ನಾಲ್ಕು ಸುತ್ತು ಹಾಕುತ್ತಾರೆ.

ಕನ್ನಡದವರಿಗೆ ಈ ಊರು ಯಾಕೆ ಬೇಕು ಎಂಬುದು ವಾರದ ಕೊನೆಯ ಸಂಜೆ ತಿಳಿಯುತ್ತದೆ. ಭಾವುದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್. ಹಳಿಯಾಚೆ, ಮಾಟುಂಗಾ ರೋಡಿನ ಬದಿಗೆ, 1933ರ ಕರ್ನಾಟಕ ಸಂಘ. ಅದರ ಮಂದಿರಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಇಲ್ಲಿ ನಾಟಕ, ಅಲ್ಲಿ ಪುಸ್ತಕ ಬಿಡುಗಡೆ. ನೋಡಲು ಬರುವವರಲ್ಲಿ ಮಾಟುಂಗಾದವರು ಬೆರಳೆಣಿಕೆ. ಇಲ್ಲಿನ ಬಾಡಿಗೆ ಕೊಡಲು ಆಗದೆ ಅವರೆಲ್ಲ ಎಂದೋ ಚದುರಿದರು. ಥಾಣೆ, ಮುಲುಂಡಿನವರು ಸೆಂಟ್ರಲ್‌ನಲ್ಲಿ, ಬೊರಿವಲಿ, ವಸಾಯಿಯವರು ವೆಸ್ಟರ್ನ್‌ನಲ್ಲಿ, ಚೆಂಬೂರು, ನವಿ ಮುಂಬಯಿಯವರು ಹಾರ್ಬರ್‌ನಲ್ಲಿ ಬಂದಿಳಿಯುತ್ತಾರೆ. ಇಡೀ ಮುಂಬಯಿಯ ಕನ್ನಡಿಗರು ಯಾರಿಗೂ ತೀರ ದೂರವಾಗದಂತೆ ಸೇರಬಹುದಾದ ಜಾಗ ಇದು. ಭಾನುವಾರವಾದರೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆ ಗಾಡಿ ತಡೆಯುವುದು, ಎಲ್ಲಿಂದ ಎಲ್ಲಿಗೆ ಎಂದು ನೋಡಿಯೇ ಹೊರಡಬೇಕು. ಆ ಪ್ರಕಟಣೆಯಲ್ಲಿ ‘ಮಾಟುಂಗಾದಿಂದ ಮುಲುಂಡ್’ ಎಂದು ಕೇಳಿದಷ್ಟು ಸಲ ನಾನು ಈ ಊರಿನ ಹೆಸರನ್ನು ಬೇರೆಲ್ಲೂ ಕೇಳಿಲ್ಲ.

ಮಾಟುಂಗಾ, ಮಾಟುಂಗಾ ರೋಡ್ ಸ್ಟೇಷನ್ನುಗಳ ನಡುವೆ ಅಂಕುಡೊಂಕಾಗಿ ಹೋಗುವ ಕಾಲುಸೇತುವೆಗೆ ಜನ ಕರೆಯುವುದು ಝಡ್ ಬ್ರಿಡ್ಜ್ ಎಂದು. ಮೊನ್ನೆ ಸಂಘದಲ್ಲಿ ನಾಟಕ ಮುಗಿಯುವಾಗ ತಡವಾಯಿತು. ವಂದನಾರ್ಪಣೆಗೆ ಎದ್ದವರು ಸಭೆಯತ್ತ ನೋಡಿದರು. ಸಭೆ ಗಡಿಯಾರದತ್ತ ನೋಡುತ್ತಿತ್ತು. ‘ಎಲ್ಲರಿಗೂ ನಮಸ್ಕಾರ, ಗಾಡಿ ತಪ್ಪಿಸಿಕೊಳ್ಳಬೇಡಿ’ ಎಂದಷ್ಟೇ ಹೇಳಿ ಕೂತರು. ಬಾಗಿಲ ಹತ್ತಿರ ಅರ್ಧ ಜನ ಎಡಕ್ಕೆ ತಿರುಗಿದರು, ಉಳಿದವರು ನಮ್ಮ ಜತೆ ಸೇತುವೆ ಹತ್ತಿದರು. ಥಾಣೆಯ ಅಕ್ಕ ಒಬ್ಬರು ಸೀರೆಯ ನೆರಿಗೆ ಎತ್ತಿ ಹಿಡಿದು, ಮೂರನೆಯ ಅಂಕದ ಕೊರತೆ ಹೇಳುತ್ತ ಬರುತ್ತಿದ್ದರು. ನಡುಸೇತುವೆಗೆ ಬರುವಷ್ಟರಲ್ಲಿ ಕೆಳಗೆ ಫಾಸ್ಟ್ ಗಾಡಿಯೊಂದು ಬೆಳಕು ಚೆಲ್ಲಿ ಓಡಿತು, ಕಬ್ಬಿಣ ನಡುಗಿತು, ಅವರ ಮಾತು ಕೇಳಿಸಲಿಲ್ಲ. ಅದು ಹೋದ ಮೇಲೆ, ‘ನಾನು ಎಲ್ಲಿದ್ದೆ?’ ಎಂದು ಕೇಳಿದರು. ‘ಮೂರನೆಯ ಅಂಕದಲ್ಲಿ’ ಎಂದೆ. ಸ್ಲೋ ಬರಲು ಇನ್ನೂ ಏಳು ನಿಮಿಷವಿತ್ತು.