ಉಪ್ಪುಸೊಳೆ ಯಾಕೆ ಬಾಲ್ಕನಿಯಲ್ಲಿದೆ?

ನಾವಿರೋದು ವಿಜಯವಾಡದ ಪಕ್ಕ, ಗನ್ನವರಂನಲ್ಲಿ. ಪುತ್ತೂರಿಂದ ಅಮ್ಮ ಕಳಿಸಿದ ಉಪ್ಪುಸೊಳೆ ಡಬ್ಬ ಎರಡು ವಾರದಿಂದ ನಮ್ಮ ಬಾಲ್ಕನಿಯಲ್ಲಿದೆ. ಮುಚ್ಚಳ ತೆಗೆದ ದಿನ ನನ್ನ ಹೆಂಡತಿ, ಈ ಊರಿನವಳು, ಮೂಗು ಮುಚ್ಕೊಂಡು "ಕುಳ್ಳಿಪೋಯಿಂದಿ" ಅಂದ್ಳು. ಕೊಳೆತುಹೋಗಿದೆ ಅಂತ. ಅಮ್ಮ ವಿಡಿಯೋ ಕಾಲ್‌ನಲ್ಲಿದ್ದರು. ಅವರಿಗೆ ತೆಲುಗು ಬರಲ್ಲ, ಆದರೆ ಮುಖ ನೋಡಿದ್ರೆ ಅರ್ಥ ಆಗುತ್ತಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬಲಿತ, ಇನ್ನೂ ಹಣ್ಣಾಗದ ಹಲಸಿನ ಸೊಳೆಗಳನ್ನ ಉಪ್ಪು ಹಾಕಿ ಭರಣಿಗೆ ತುಂಬಿ, ಮೇಲೆ ಭಾರ ಇಟ್ಟು ಮಳೆಗಾಲಕ್ಕೆ ಕಾದಿಡ್ತಾರೆ. ತುಳುವಲ್ಲಿ ಉಪ್ಪಡ್ ಪಚ್ಚಿಲ್. ಉಪ್ಪು ಸೊಳೆಯ ನೀರನ್ನ ಹೊರಗೆಳೆಯುತ್ತೆ. ಕೊಳೆಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆ ಉಪ್ಪುನೀರಲ್ಲಿ ಬೆಳೆಯಲ್ಲ. ಅಂದರೆ ಇದು ಕೊಳೆಯಬಾರದು ಅಂತಲೇ ಮಾಡಿದ್ದು. ಮೂಗು ಮಾತ್ರ ಒಪ್ಪಲ್ಲ.

ವಾಸನೆ ಮೂಗಿಗೆ ಎರಡು ದಾರಿಯಲ್ಲಿ ಬರುತ್ತೆ. ಒಂದು ಹೊಳ್ಳೆಯಿಂದ. ಇನ್ನೊಂದು, ಅಗಿಯುವಾಗ ಗಂಟಲ ಹಿಂಭಾಗದಿಂದ ಮೇಲಕ್ಕೆ. ಇದನ್ನ ನಾವು ರುಚಿ ಅಂದ್ಕೋತೀವಿ. ಒಂದೇ ವಾಸನೆ ಈ ಎರಡು ದಾರಿಯಲ್ಲಿ ಬೇರೆ ಬೇರೆ ಅನಿಸಬಹುದು ಅಂತ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲೇ ಬರೆದಿದ್ದಾರೆ. ಮೂಸಿದಾಗ ಹೇಸಿಗೆ, ತಿಂದಾಗ ಇನ್ನೊಂದು ಬೇಕು ಅನ್ನೋ ತಿಂಡಿಗಳ ಗುಟ್ಟು ಸ್ವಲ್ಪ ಇಲ್ಲಿದೆ.

ನನಗೆ ಇನ್ನೂ ಇಷ್ಟವಾದದ್ದು ಆಕ್ಸ್‌ಫರ್ಡ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗ. ಐಸೋವ್ಯಾಲೆರಿಕ್ ಆಮ್ಲ ಅಂತ ಒಂದಿದೆ. ಬೆವರಿದ ಕಾಲಿನ ವಾಸನೆಯಲ್ಲೂ ಇರುತ್ತೆ, ಚೀಸ್‌ನಲ್ಲೂ ಇರುತ್ತೆ. ಅದಕ್ಕೆ ಚೀಸ್ ಪರಿಮಳ ಸೇರಿಸಿ ಜನಕ್ಕೆ ಮೂಸಲು ಕೊಟ್ಟರು. ಪರದೆ ಮೇಲೆ 'ಚೆಡ್ಡಾರ್ ಚೀಸ್' ಅಂತ ಬಂದಾಗ ಹಿತ ಅಂದವರೇ, 'ಮೈ ವಾಸನೆ' ಅಂತ ಬಂದಾಗ ಕಡಿಮೆ ಅಂಕ ಕೊಟ್ಟರು. ಮೂಸಿದ್ದು ಅದೇ. ಮಿದುಳಿನ ಸ್ಕ್ಯಾನ್‌ನಲ್ಲೂ ವ್ಯತ್ಯಾಸ ಕಂಡಿತ್ತು, ಅಂದರೆ ಬರೀ ಬಾಯಿಮಾತಲ್ಲ.

'ಕುಳ್ಳಿಪೋಯಿಂದಿ' ಅನ್ನೋದೂ ಒಂದು ಲೇಬಲ್ಲೇ. ಹಲಸಿನ ಮೇಲೆ ಅವಳಿಗೇನೂ ಸಿಟ್ಟಿಲ್ಲ, ಮದುವೆಯೂಟದ ಪನಸಪೊಟ್ಟು ಕೂರ ಅಂದ್ರೆ ಪ್ರಾಣ. ನಾನೂ ಸಾಚಾ ಅಲ್ಲ: ಅವರ ಮನೇಲಿ ಒಣಮೀನು ಹುರಿಯುವಾಗ ಫೋನ್ ಬಂತು ಅಂತ ಹೊರಗೆ ಹೋಗ್ತೀನಿ.

ಭಾನುವಾರ ಸೊಳೆಯನ್ನ ಮೂರು ನೀರಲ್ಲಿ ತೊಳೆದು, ನೆನೆಸಿ ಉಪ್ಪು ಬಿಡಿಸಿ, ಅಕ್ಕಿ-ಕಾಯಿ ಜೊತೆ ರುಬ್ಬಿ ಉಂಡ್ಲಕಾಳು ಕರಿದೆ. ಏನು ಅಂತ ಮುಚ್ಚಿಡಲಿಲ್ಲ. ಮೊದಲನೇದನ್ನ ಉಸಿರು ಹಿಡಿದೇ ತಿಂದ್ಳು. ಆಮೇಲೆ ತಟ್ಟೆ ಹತ್ತಿರ ಎಳ್ಕೊಂಡು, "ಅತ್ತಯ್ಯಗಾರಿಗೆ ಫೋನ್ ಮಾಡಿ" ಅಂದ್ಳು. ಡಬ್ಬ ಮಾತ್ರ ಇನ್ನೂ ಒಳಗೆ ಬಂದಿಲ್ಲ.