ಹಳೆಯ ಕಾರಿನ ಪೆಟ್ರೋಲ್ ಆವಿ ಮತ್ತು ನಮ್ಮ ಉಸಿರು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ ಅನೇಕ ಮನೆತನಗಳು ಹಿರಿಯರ ನೆನಪಿಗಾಗಿ ಅದನ್ನು ಇಂದಿಗೂ ಜೋಪಾನವಾಗಿ ಇರಿಸಿಕೊಂಡಿವೆ. ಪ್ರೀಮಿಯರ್ ಪದ್ಮಿನಿ ಮತ್ತು ಹಳೆಯ ಜೀಪುಗಳ ವಿಷಯವೂ ಅಷ್ಟೇ. ಬಿಡಿಭಾಗಗಳು ದೊರೆಯದಾದಾಗ ಬೇರೊಂದು ಕಾರಿನ ಎಂಜಿನ್ ಜೋಡಿಸಿ ಓಡಿಸುವವರೂ ಇದ್ದಾರೆ. ಇಂತಹ ಕಾರಿನಲ್ಲಿ ದೂರ ಪ್ರಯಾಣ ಮಾಡಿದವರು ತಲೆನೋವು, ವಾಕರಿಕೆ, ಕಣ್ಣುರಿಗಳಿಂದ ನಮ್ಮ ಬಳಿಗೆ ಬರುವುದುಂಟು. ಬಿಸಿಲಿನಿಂದ ಪಿತ್ತ ಕೆರಳಿತೆಂದು ಅವರು ಭಾವಿಸಿರುತ್ತಾರೆ. ಕಾರಿನೊಳಗೆ ಪೆಟ್ರೋಲ್ ವಾಸನೆ ಇತ್ತೇ ಎಂದು ಕೇಳಿದರೆ, ಹಳೆಯ ಗಾಡಿಯಲ್ಲಿ ವಾಸನೆ ಸಹಜವಲ್ಲವೇ ಎನ್ನುತ್ತಾರೆ. ಅದು ಸಹಜವಲ್ಲ, ರೋಗದ ಮೂಲವೇ ಅಲ್ಲಿರಬಹುದು.

ಆವಿ ಹುಟ್ಟುವ ಎರಡು ಸ್ಥಾನಗಳು

ಮೊದಲನೆಯದು ಎಂಜಿನ್. ಸಿಲಿಂಡರಿನಲ್ಲಿ ಇಂಧನ ಉರಿಯುವಾಗ ಸ್ವಲ್ಪ ಅನಿಲ ಪಿಸ್ಟನ್ನಿನ ಅಂಚಿನಿಂದ ನುಸುಳಿ, ಕೆಳಗಿರುವ ಎಣ್ಣೆಯ ಕೋಣೆಯನ್ನು ಸೇರುತ್ತದೆ. ಅದರಲ್ಲಿ ಉರಿಯದ ಪೆಟ್ರೋಲ್, ನೀರಾವಿ ಮತ್ತು ಇಂಗಾಲದ ಮಾನಾಕ್ಸೈಡ್ ಇರುತ್ತವೆ. ಇದನ್ನು ಒಂದು ಕೊಳವೆಯ ಮೂಲಕ ರಸ್ತೆಯತ್ತ ಬಿಟ್ಟುಬಿಡುವುದು ಹಿಂದಿನ ಕಾಲದ ರೂಢಿಯಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಹೊಸ ಕಾರುಗಳಿಂದ ಮೊದಲ್ಗೊಂಡು ಈ ಅನಿಲವನ್ನು ಮರಳಿ ಎಂಜಿನ್ನಿಗೇ ಹೀರಿಸಿ ಉರಿಸುವ ವ್ಯವಸ್ಥೆ ಬಂದಿತು.

ಎರಡನೆಯದು ಇಂಧನದ ಟ್ಯಾಂಕು. ಪೆಟ್ರೋಲ್ ನಿಂತ ಕಾರಿನಲ್ಲಿಯೂ ಆವಿಯಾಗುತ್ತಿರುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರದೆ ಡಿಕ್ಕಿಯಲ್ಲಿ, ಕಾರುಮನೆಯ ನೆಲದಲ್ಲಿ ಮಡುಗಟ್ಟುತ್ತದೆ. ಉಳಿದ ಇಂಧನವನ್ನು ಟ್ಯಾಂಕಿಗೆ ಹಿಂದಿರುಗಿಸುವ ಹೊಸ ಬಗೆಯ ಎಂಜಿನ್ ಜೋಡಿಸಿದಲ್ಲಿ, ಬಿಸಿಯಾದ ಪೆಟ್ರೋಲ್ ಮರಳಿ ಬಂದು ಆವಿ ಇನ್ನಷ್ಟು ಹೆಚ್ಚುತ್ತದೆ.

ದೇಹಕ್ಕಾಗುವ ಹಾನಿ

ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವ್ಯವಿದೆ. ನಮ್ಮ ದೇಶದ ಈಗಿನ ನಿಯಮದಂತೆ ಅದರ ಪ್ರಮಾಣ ಶೇ. 1ನ್ನು ಮೀರುವಂತಿಲ್ಲ. ಆದರೂ ವರ್ಷಗಟ್ಟಲೆ ಉಸಿರಿನೊಡನೆ ಸೇರಿದರೆ ಅದು ಅಸ್ಥಿಮಜ್ಜೆಯನ್ನು ಕೆಡಿಸುತ್ತದೆ, ರಕ್ತದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮಾನಾಕ್ಸೈಡಿಗಾದರೋ ವಾಸನೆಯೇ ಇಲ್ಲ. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಹೀಮೋಗ್ಲೋಬಿನ್ನಿಗೆ ಅಂಟಿಕೊಂಡು, ಪ್ರಾಣವಾಯು ದೇಹದ ಕಣಗಳನ್ನು ತಲುಪದಂತೆ ಮಾಡುತ್ತದೆ. ಹಸುಗೂಸುಗಳು, ಗರ್ಭಿಣಿಯರು ಮತ್ತು ಹೃದ್ರೋಗಿಗಳು ವಿಶೇಷವಾಗಿ ಎಚ್ಚರ ವಹಿಸಬೇಕು.

ತಡೆಯಲೂ ಬಾರದು, ಚೆಲ್ಲಲೂ ಬಾರದು

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ಮಲಮೂತ್ರಾದಿ 13 ವೇಗಗಳನ್ನು ತಡೆಹಿಡಿಯುವುದರಿಂದ ಬರುವ ರೋಗಗಳನ್ನು ವಿವರಿಸುತ್ತದೆ. ಯಂತ್ರಕ್ಕೂ ಈ ಮಾತು ಒಪ್ಪುತ್ತದೆ. ವಾಸನೆ ಬರುತ್ತದೆಂದು ಎಂಜಿನ್ನಿನ ಉಸಿರುಕೊಳವೆಯನ್ನು ಮುಚ್ಚಿದರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಎಣ್ಣೆ ಸೋರುತ್ತದೆ. ಟ್ಯಾಂಕಿನ ಗಾಳಿದಾರಿಯನ್ನು ಮುಚ್ಚಿದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಹರಿಯದೆ ಎಂಜಿನ್ ನಿಲ್ಲುತ್ತದೆ. ಹಾಗೆಂದು ಕೊಳವೆಯ ತುದಿಗೆ ಪುಟ್ಟ ಜಾಲರಿ ಸಿಕ್ಕಿಸಿ ಬಾನೆಟ್ಟಿನೊಳಗೇ ಬಿಟ್ಟರೆ, ಆವಿ ಮುಂಭಾಗದ ತಗಡಿನ ರಂಧ್ರಗಳಿಂದ ಒಳಗೆ ಕುಳಿತವರ ಮೂಗಿಗೇ ಬರುತ್ತದೆ. ಆವಿಯನ್ನು ಎಂಜಿನ್ನಿಗೇ ಒಯ್ದು ಉರಿಸುವುದೊಂದೇ ಸರಿಯಾದ ಮಾರ್ಗ.

ನುರಿತ ಮೆಕ್ಯಾನಿಕರಿಂದ ಮಾಡಿಸಬೇಕಾದುದು ಇಷ್ಟು:

1. ಎಂಜಿನ್ನಿನ ಉಸಿರುಕೊಳವೆಯನ್ನು ಪಿ.ಸಿ.ವಿ. ವಾಲ್ವಿನ ಮೂಲಕ, ಎಂಜಿನ್ ಗಾಳಿ ಹೀರುವ ಕೊಳವೆಗೆ ಜೋಡಿಸಬೇಕು. ಒಳಹೋಗುವ ಶುದ್ಧ ಗಾಳಿ ಏರ್ ಫಿಲ್ಟರಿನಿಂದ ಬರಬೇಕು.

2. ಟ್ಯಾಂಕಿನ ಆವಿಯನ್ನು ಸಕ್ರಿಯ ಇದ್ದಿಲಿನ ಡಬ್ಬಿಗೆ ಸೇರಿಸಬೇಕು. ಕಾರು ನಿಂತಾಗ ಇದ್ದಿಲು ಆವಿಯನ್ನು ಹಿಡಿದಿಡುತ್ತದೆ, ಓಡುವಾಗ ಎಂಜಿನ್ ಅದನ್ನು ಹೀರಿಕೊಳ್ಳುತ್ತದೆ. ಕಾರು ಮಗುಚಿದರೆ ಪೆಟ್ರೋಲ್ ಹೊರಬಾರದಂತೆ ತಡೆಯುವ ವಾಲ್ವು ನಡುವೆ ಇರಲಿ. ದ್ರವರೂಪದ ಪೆಟ್ರೋಲ್ ತಾಕಿದರೆ ಇದ್ದಿಲು ಕೆಡುವುದರಿಂದ ಟ್ಯಾಂಕನ್ನು ಕಂಠಮಟ್ಟ ತುಂಬಿಸಬಾರದು.

3. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಕೊಳವೆಗಳು ಅದಕ್ಕೆ ತಾಳದೆ ಬಿರಿಯುತ್ತವೆ. ಎಥೆನಾಲ್ ತಾಳುವ ಕೊಳವೆಗಳನ್ನೇ ಹಾಕಿಸಬೇಕು.

4. ಎಂಜಿನ್ ಮತ್ತು ಆಸನಗಳ ನಡುವಿನ ತಗಡಿನ ರಂಧ್ರಗಳನ್ನೆಲ್ಲ ಮುಚ್ಚಿಸಬೇಕು. ಸೈಲೆನ್ಸರಿನ ಸೋರಿಕೆಯನ್ನೂ ಪರೀಕ್ಷಿಸಬೇಕು.

ಬಾಗಿಲು ಮುಚ್ಚಿದ ಕಾರುಮನೆಯಲ್ಲಿ ಎಂಜಿನ್ ಚಾಲೂ ಮಾಡಬೇಡಿ. ಪೆಟ್ರೋಲ್ ವಾಸನೆ ಇರುವ ಕೋಣೆಯಲ್ಲಿ ದೀಪ ಹಚ್ಚಬೇಡಿ, ವಿದ್ಯುತ್ ಸ್ವಿಚ್ಚನ್ನೂ ಮುಟ್ಟಬೇಡಿ. ಮೊದಲು ಬಾಗಿಲು ತೆರೆಯಿರಿ.

ಆಪತ್ತಿನಲ್ಲಿ

ಕಾರಿನಲ್ಲಿ ಕುಳಿತವರಿಗೆ ಒಟ್ಟಿಗೇ ತಲೆಸುತ್ತು ಬಂದರೆ ವಿಷಾನಿಲವೆಂದೇ ಶಂಕಿಸಿ, ಎಂಜಿನ್ ನಿಲ್ಲಿಸಿ ಎಲ್ಲರನ್ನೂ ಬಯಲಿಗೆ ಕರೆತನ್ನಿ. ಮಂಪರು ಕವಿದವರನ್ನು ಆಮ್ಲಜನಕವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾನಾಕ್ಸೈಡನ್ನು ಗುರುತಿಸಲಾರದು. ಅದರ ಅಂಕಿಯನ್ನು ನೋಡಿ ನಿಶ್ಚಿಂತರಾಗಬೇಡಿ.

ಬಾಯಿಂದ ಕೊಳವೆ ಹೀರಿ ಪೆಟ್ರೋಲ್ ತೆಗೆಯುವ ಅಭ್ಯಾಸವನ್ನು ಇಂದೇ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಅಲ್ಲಿ ತೀವ್ರ ಉರಿಯೂತವಾಗುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಬಾರದು. ಮಜ್ಜಿಗೆ, ತುಪ್ಪ, ಕಷಾಯಗಳನ್ನೂ ಕುಡಿಸಬಾರದು. ನಾವು ಆಯುರ್ವೇದದ ವೈದ್ಯರಾಗಿದ್ದೂ ಈ ಮಾತನ್ನು ಒತ್ತಿ ಹೇಳುತ್ತೇವೆ: ಇಂತಹ ಹೊತ್ತಿನಲ್ಲಿ ಮನೆಮದ್ದಿಗೆ ಕಳೆಯುವ ಪ್ರತಿಯೊಂದು ನಿಮಿಷವೂ ರೋಗಿಗೆ ನಷ್ಟವೇ.

ಹಿರಿಯರ ಕಾರನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕುಳಿತವರ ಉಸಿರನ್ನು ಕಾಪಾಡುವುದು ಅದಕ್ಕಿಂತ ಮೊದಲ ಕೆಲಸ.